ಮಲಕವ್ವನ ಕಲ್ಲಿಗೆ ಒಂದು ತಂಬಿಗೆ ನೀರು

ಬೆಳಗಿನ ಚಹಾಕ್ಕೆ ಮೊದಲು ಮಲಕವ್ವ ಒಂದು ತಂಬಿಗೆ ನೀರು ತಂದು ಕಲ್ಲಿನ ಮೇಲೆ ಸುರಿಯುತ್ತಿದ್ದಳು. ಜ್ವರ ಬಂದ ದಿನವೂ, ಟ್ಯಾಂಕರ್ ಬಾರದೆ ಕುಡಿಯಲು ನೀರಿಲ್ಲದ ದಿನವೂ ಅದು ತಪ್ಪಿದ್ದಿಲ್ಲ. ಕಲ್ಲು ತೆಂಗಿನಕಾಯಿಯಷ್ಟು ದೊಡ್ಡದು. ಎತ್ತಿದರೆ ಮಾತ್ರ ಅದರ ಭಾರ ತಿಳಿಯುತ್ತದೆ. ಸುರಿದ ನೀರು ಕೆಳಗಿನ ತಟ್ಟೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ನಿಲ್ಲುತ್ತಿತ್ತು. ಅದನ್ನೇ ತೀರ್ಥವೆಂದು ಮೊಮ್ಮಗಳು ದಾನಮ್ಮನ ಹಣೆಗೆ ಹಚ್ಚುವಳು.

ಮಲಕವ್ವ ಇಂಡಿ ತಾಲೂಕಿನವಳು. ಮಗ-ಸೊಸೆಯೊಂದಿಗೆ ಊರೂರು ಅಲೆಯುವವಳು, ಕಟ್ಟಡದ ಕೆಲಸ ಇದ್ದ ಕಡೆಯೇ ಅವಳ ಊರು. ಆರು ವರ್ಷದ ಹಿಂದೆ ಸಿನ್ನರಿನಲ್ಲಿ ಕಾರ್ಖಾನೆಯ ಗೋಡೆ ಕಟ್ಟುತ್ತಿದ್ದಾಗ ಒಂದು ಮಧ್ಯಾಹ್ನ ಆಕಾಶ ಗುಡುಗಿತು. ಹತ್ತಿರದ ದೇವಳಾಲಿಯ ಸೈನಿಕ ಶಿಬಿರದ ತೋಪಿನ ಸದ್ದಿರಬೇಕೆಂದು ಯಾರೂ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಶೆಡ್ಡಿನ ತಗಡು ಹರಿದು ಈ ಕಲ್ಲು ಒಳಗೆ ಬಿತ್ತು. ಜೋಳಿಗೆಯಲ್ಲಿ ಮಲಗಿದ್ದ ನಾಲ್ಕು ತಿಂಗಳ ದಾನಮ್ಮನಿಗೂ ಅದಕ್ಕೂ ನಡುವೆ ಒಂದು ಗೇಣು. ಮಗುವಿಗೆ ಎಚ್ಚರವೂ ಆಗಲಿಲ್ಲ. ಅಂದಿನಿಂದ ಕಲ್ಲು ಮಲಕವ್ವನ ದೇವರು. ಸೈಟಿನಿಂದ ಸೈಟಿಗೆ ಗಂಟಿನಲ್ಲಿ ಅವಳ ಜೊತೆಗೇ ಬಂತು.

ಈ ವರ್ಷ ಅವರು ಮರಾಠಿ ನಾಡಿನ ಸಂಭಾಜಿನಗರಕ್ಕೆ, ನಾನು ನಡೆಸುವ ಚಹಾ ಹೋಟೆಲಿನ ಪಕ್ಕದ ಸೈಟಿಗೆ ಬಂದರು. ಅಲ್ಲಿ ಮಹಿಬೂಬ ಎಂಬವನು ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು, ಬಿದ್ದ ಮೊಳೆ ತಂತಿ ಆರಿಸುತ್ತಾ ಓಡಾಡುತ್ತಾನೆ. ಒಂದು ದಿನ ಆ ಕೋಲು ಕಲ್ಲಿಗೆ ಅಂಟಿಕೊಂಡಿತು.

"ಯವ್ವಾ, ನಿನ್ನ ದೇವ್ರು ನನ್ನ ಕೋಲು ಬಿಡವಲ್ಲ" ಎಂದನಂತೆ.

"ನಿನಗಿಲ್ಲದ ಭಕ್ತಿ ನಿನ್ನ ಕೋಲಿಗೆ ಐತಿ ಬಿಡು" ಎಂದಳಂತೆ ಇವಳು.

ಚಹಾಕ್ಕೆ ಬಂದ ಮಹಿಬೂಬ ಇದನ್ನು ಹೇಳಿ ನಗುವಾಗ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನನ್ನ ನಾದಿನಿ ಶರ್ಮಿಳಾ ಅಲ್ಲೇ ಇದ್ದಳು. ಅವಳು ನಗಲಿಲ್ಲ. ನಾವಿಬ್ಬರೂ ಶೆಡ್ಡಿಗೆ ಹೋದೆವು.

ಶರ್ಮಿಳಾ ಕಲ್ಲನ್ನು ಬಹಳ ಹೊತ್ತು ನೋಡಿದಳು. ಉಲ್ಕೆಯೇ ಇರಬೇಕು, ಪರೀಕ್ಷೆ ಆಗಬೇಕು ಎಂದಳು. ನಮ್ಮ ದೇಶದಲ್ಲಿ ಇಂಥ ಕಲ್ಲು ಸರ್ಕಾರದ್ದು, ಕಲೆಕ್ಟರ್ ಕಚೇರಿಗೆ ಒಪ್ಪಿಸಿದರೆ ಅಲ್ಲಿಂದ ಕೋಲ್ಕತ್ತಾದ ಭೂವೈಜ್ಞಾನಿಕ ಇಲಾಖೆಗೆ ಹೋಗುತ್ತದೆ ಎಂದೂ ತಿಳಿಸಿದಳು. ಮಲಕವ್ವ ಕಲ್ಲನ್ನು ತೊಡೆಯ ಮೇಲೆ ಎಳೆದುಕೊಂಡು, ಎಲ್ಲ ದೇಶದಲ್ಲೂ ಹೀಗೆಯೇನು ಎಂದು ಕೇಳಿದಳು. ಇಲ್ಲ, ಡೆನ್ಮಾರ್ಕಿನಲ್ಲಿ ಸರ್ಕಾರ ತೆಗೆದುಕೊಂಡರೂ ಸಿಕ್ಕವರಿಗೆ ಪರಿಹಾರ ಕೊಡುತ್ತದೆ, ಅಮೆರಿಕದಲ್ಲಿ ಖಾಸಗಿ ಜಾಗದಲ್ಲಿ ಬಿದ್ದರೆ ಆ ಜಾಗದ ಒಡೆಯನಿಗೇ ಸೇರುತ್ತದೆ ಎಂದಳು ಶರ್ಮಿಳಾ.

ಮಲಕವ್ವ ಯೋಚಿಸಿ ನಕ್ಕಳು. "ಅಂದ್ರ ಅಲ್ಲೂ ನಂದಲ್ಲ, ಫ್ಯಾಕ್ಟರಿ ಮಾಲಕಂದ ಆಗ್ತಿತ್ತು. ನನಗ ಯಾವ ದೇಶದಾಗೂ ಜಾಗಾ ಇಲ್ಲಲ್ರೀ, ಅಕ್ಕಾರ." ಕಲ್ಲನ್ನು ಮಾತ್ರ ಬಿಡಲಿಲ್ಲ.

ಶರ್ಮಿಳಾಳ ಕಣ್ಣು ತಟ್ಟೆಯ ಕಂದು ನೀರಿನ ಮೇಲೆ ಬಿತ್ತು. ಹೇಳಲೋ ಬೇಡವೋ ಎಂದು ತಡೆದು, ಮೆಲ್ಲಗೆ ಹೇಳಿದಳು. "ಇದು ತುಕ್ಕು ಅಮ್ಮ. ಕಲ್ಲಿನೊಳಗೆ ಕಬ್ಬಿಣ ಉಂಟು. ನೀರು ಬಿದ್ದಷ್ಟೂ ಒಳಗಿಂದ ಹಾಳಾಗ್ತದೆ."

ಮಲಕವ್ವನ ಕೈ ಕಲ್ಲಿನ ಮೇಲೆಯೇ ನಿಂತಿತು.

"ದಿನಾ ನಾನಾ ಇದನ್ನ ಸವೆಸಿದ್ನೇನ್ರೀ?"

ನಾವಿಬ್ಬರೂ ಎದ್ದು ಬಂದೆವು.

ಮರುದಿನ ಬೆಳಿಗ್ಗೆ ನಾನು ಹೋದಾಗ ತುಂಬಿದ ತಂಬಿಗೆ ಹಾಗೇ ಪಕ್ಕದಲ್ಲಿತ್ತು. ಅವಳು ಒಣಬಟ್ಟೆಯಿಂದ ಕಲ್ಲು ಒರೆಸುತ್ತಿದ್ದಳು. ಆಮೇಲೆ ಕೈಮುಗಿದು, ಎತ್ತಿಟ್ಟಿದ್ದ ಹೊಸ ಕುಪ್ಪಸದ ಖಣದಲ್ಲಿ ಅದನ್ನು ಸುತ್ತಿದಳು. ದೇವರು ಎಲ್ಲಿಗೆ ಹೋಗುತ್ತಾನೆ ಎಂದು ದಾನಮ್ಮ ಮರಾಠಿಯಲ್ಲಿ ಕೇಳಿದಳು. ಒಣ ಜಾಗಕ್ಕೆ, ಎಂದಳು ಅಜ್ಜಿ.

ನಮ್ಮಿಬ್ಬರ ಜೊತೆ ಕಲೆಕ್ಟರ್ ಕಚೇರಿಗೆ ಮಲಕವ್ವ ಕಲ್ಲನ್ನು ತಾನೇ ಹೊತ್ತು ತಂದಳು. ಹೆಬ್ಬೆಟ್ಟು ಒತ್ತಿ ಹೊರಗೆ ಬಂದಾಗ ಶರ್ಮಿಳಾಗೆ ತಡೆಯಲಾಗಲಿಲ್ಲ. ಪರೀಕ್ಷೆಗೆ ಕೊಯ್ದಾಗ ಉಳಿಯುವ ಚೂರು, ಉಗುರಿನಷ್ಟಾದರೂ, ನಿಮಗೆ ಕೊಡುವಂತೆ ಇಲಾಖೆಗೆ ಬರೆದು ಕೇಳುತ್ತೇನೆ ಎಂದಳು.

ಮಲಕವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಬ್ಯಾಡ್ರೀ ಅಕ್ಕಾರ, ಬರೀಬ್ಯಾಡ್ರಿ. ಕೈಗೆ ಸಿಕ್ಕರ ನಾ ಮತ್ತ ನೀರು ಹಾಕ್ತೀನಿ."