ಹುಲಿಗೆಮ್ಮನ ಹನ್ನೊಂದು ತಪ್ಪು

2022ರ ಜೂನ್‌ನಲ್ಲಿ ನಾನು ಮಸ್ಕಿ ತಾಲ್ಲೂಕಿನ ಕಾಲುವೆ ಬದಿಯ ಒಂದು ಸಣ್ಣ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಶಾಲೆಯಲ್ಲಿ ಅರವತ್ತೊಂದು ಮಕ್ಕಳು, ಎರಡು ಕೋಣೆ, ಒಂದು ಬೇವಿನ ಮರ. ಪಾಠಕ್ಕೆ ನಾನು ಮತ್ತು ಅತಿಥಿ ಶಿಕ್ಷಕಿ ಮಿತಾಲಿ, ಇಬ್ಬರೇ. ಮಿತಾಲಿ ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪಿನ, ಅಂದರೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ವಸತಿಯ, ಬಂಗಾಲಿ ಮನೆಯ ಹುಡುಗಿ. ಮನೆಯಲ್ಲಿ ಬಂಗಾಲಿ, ಹೊರಗೆ ನಮ್ಮದೇ ಕನ್ನಡ. ನಾನು ಗಟ್ಟಿ ದನಿಯವಳು, ಬೇಗ ಸಿಟ್ಟಾಗುವವಳು. ಅವಳು ತಣ್ಣಗೆ ನಿಂತು ನೋಡುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ಸಿಟ್ಟಿನ ಪಾಲೂ ಇದೆ.

ನಮ್ಮ ಶಾಲೆ ಐದನೆಯ ತರಗತಿಗೆ ಮುಗಿಯುತ್ತಿತ್ತು. ಆರನೆಯದಕ್ಕೆ ಆರು ಕಿಲೋಮೀಟರ್ ದೂರದ ಊರಿಗೆ ಹೋಗಬೇಕು, ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಗಂಡುಹುಡುಗರು ಸೈಕಲ್ ಹತ್ತಿ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಲ್ಲಿಗೇ ನಿಂತುಬಿಡುತ್ತಿದ್ದರು. ಅವರಿಗೆ ಉಳಿದಿದ್ದ ಒಂದು ಬಾಗಿಲೆಂದರೆ ಸರಕಾರಿ ವಸತಿ ಶಾಲೆ. ಊಟ, ಹಾಸಿಗೆ, ಪುಸ್ತಕ ಎಲ್ಲ ಅಲ್ಲೇ. ಆದರೆ ಒಳಗೆ ಹೋಗಲು ಐದನೆಯ ತರಗತಿಯ ಕೊನೆಯಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಗಣಿತದ ಜೊತೆಗೆ ರೀಸನಿಂಗ್ ಪ್ರಶ್ನೆಗಳಿರುತ್ತವೆ. ಸಂಖ್ಯೆಗಳ ಸಾಲಿನಲ್ಲಿ ಮುಂದಿನದು ಯಾವುದು, ಗುಂಪಿಗೆ ಸೇರದ್ದು ಯಾವುದು, ಉತ್ತರಕ್ಕೆ ನಡೆದು ಬಲಕ್ಕೆ ತಿರುಗಿದರೆ ಯಾವ ದಿಕ್ಕು, ಇಂಥವು. ಕೊಟ್ಟ ಮಾಹಿತಿಯಿಂದಲೇ ಯೋಚಿಸಿ ಉತ್ತರ ಹುಡುಕಬೇಕು, ಬಾಯಿಪಾಠ ನಡೆಯುವುದಿಲ್ಲ.

ಆ ವರ್ಷ ಐದನೆಯ ತರಗತಿಯ ಒಂಬತ್ತು ಮಕ್ಕಳಲ್ಲಿ ಏಳು ಮಂದಿ ಪರೀಕ್ಷೆಗೆ ಹೆಸರು ಕೊಟ್ಟರು. ಅಕ್ಟೋಬರ್‌ನಿಂದ ಬೆಳಿಗ್ಗೆ ಎಂಟೂವರೆಗೆ ಅಭ್ಯಾಸ ಶುರು ಮಾಡಿದೆವು. ದಿಕ್ಕಿನ ಲೆಕ್ಕ ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಕಾಲುವೆ ಯಾವ ಕಡೆ ಹರಿಯುತ್ತದೆ ಎಂಬುದರ ಮೇಲೆ ಮನಸ್ಸಿನಲ್ಲೇ ಊರಿನ ನಕಾಶೆ ಬಿಡಿಸಿ ಉತ್ತರ ಹೇಳುತ್ತಿದ್ದರು.

ಏಳು ಮಂದಿಯಲ್ಲಿ ಚುರುಕಾದವಳು ಹುಲಿಗೆಮ್ಮ. ಅವಳ ಅಪ್ಪ ಮೌನೇಶ ಟ್ರ್ಯಾಕ್ಟರ್ ಡ್ರೈವರ್. ಅಕ್ಕ ಎರಡು ವರ್ಷದ ಹಿಂದೆ ಐದನೆಯದು ಮುಗಿಸಿ ಮನೆಯಲ್ಲೇ ಉಳಿದಿದ್ದಳು. ಆ ಹುಡುಗಿಗೂ ನಾನೇ ಪಾಠ ಹೇಳಿದ್ದೆ, ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಮೌನೇಶ ಜೂನ್‌ನಲ್ಲೇ ಬಂದು ನೇರವಾಗಿ ಹೇಳಿಹೋಗಿದ್ದ:

“ಸೀಟ್ ಸಿಕ್ರ ಕಳಸ್ತೀನಿ ಟೀಚರ್. ಸಿಗಲಿಲ್ಲಂದ್ರ ಇಕೀನೂ ಅಕಿ ಅಕ್ಕನ ಜೋಡಿ ಮನ್ಯಾಗ ಇರ್ತಾಳ. ದಿನಾ ಆರು ಕಿಲೋಮೀಟರ್ ಯಾರು ಬಿಟ್ಟು ಬರಬೇಕ್ರಿ?”

ಹೀಗಾಗಿ ಹುಲಿಗೆಮ್ಮನ ಒಂದೊಂದು ಅಂಕವೂ ನನಗೆ ಮುಖ್ಯವಾಗಿತ್ತು. ವಾರಕ್ಕೊಮ್ಮೆ ನಲವತ್ತು ಪ್ರಶ್ನೆಗಳ ಪತ್ರಿಕೆ ಕೊಡುತ್ತಿದ್ದೆ. ಅವಳಿಗೆ ಮೂವತ್ತೈದು, ಮೂವತ್ತಾರು ಬರುತ್ತಿತ್ತು. ಹೋಗುತ್ತಿದ್ದ ಅಂಕಗಳು ಹೆಚ್ಚಾಗಿ ಒಂದೇ ಕಡೆ ಹೋಗುತ್ತಿದ್ದವು. ಅದು ರಕ್ತಸಂಬಂಧದ ಪ್ರಶ್ನೆಗಳ ಭಾಗ. ‘ಅವನು ಇವಳಿಗೆ ಏನಾಗಬೇಕು’ ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದುದಕ್ಕೆ ಗುರುತು ಹಾಕಬೇಕು.

‘ಒಬ್ಬ ಹುಡುಗಿಯ ತಂದೆ, ಆ ಹುಡುಗಿಯ ತಾಯಿಯ ತಾಯಿಗೆ ಏನಾಗಬೇಕು?’ ಸರಿಯುತ್ತರ ಅಳಿಯ. ಹುಲಿಗೆಮ್ಮ ‘ತಮ್ಮ’ ಎಂದು ಗುರುತು ಹಾಕಿದಳು. ‘ತಂದೆಯ ಅಕ್ಕ ನಿನಗೆ ಏನಾಗಬೇಕು?’ ಸರಿಯುತ್ತರ ಅತ್ತೆ. ಅವಳು ‘ಅಜ್ಜಿ’ ಎಂದಳು. ‘ತಾಯಿಯ ಸೋದರಮಾವ ನಿನಗೆ ಏನಾಗಬೇಕು?’ ಸರಿಯುತ್ತರ ಅಜ್ಜ. ಅವಳು ‘ತಂದೆ’ ಎಂದಾಗ ನನಗೆ ತಲೆ ಕೆಟ್ಟುಹೋಯಿತು. ಪ್ರತಿ ಬಾರಿಯೂ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯುತ್ತರ ಬರೆದೆ. ಮುಂದಿನ ವಾರ ಪ್ರಶ್ನೆ ಸ್ವಲ್ಪ ಬದಲಾಗಿ ಬಂದರೆ ಮತ್ತೆ ಅದೇ ತಪ್ಪು. ಜನವರಿಯ ಹೊತ್ತಿಗೆ ಅವಳ ನೋಟ್‌ಬುಕ್ಕಿನಲ್ಲಿ ಇಂಥ ಹನ್ನೊಂದು ಕೆಂಪು ಗುರುತುಗಳಿದ್ದವು.

ಒಂದು ದಿನ ತಾಳ್ಮೆ ತಪ್ಪಿತು. ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿ ಅಂದೆ: “ಅಲ್ಲಬೇ, ಅಪ್ಪನ ಅಕ್ಕ ಅಜ್ಜಿ ಹೆಂಗ ಆಗ್ತಾಳ? ತಲ್ಯಾಗ ಏನ್ ತುಂಬೀದಿ? ನಾಳಿ ನಿಮ್ಮ ಮನಿಯವರನ್ನ ಕರಕೊಂಡು ಬಾ.”

ಅವಳು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿಕೊಂಡಳು. ಆ ತೆರೆದ ಬಾಯಿಯನ್ನು ನಾನು ಗಮನಿಸಿದ್ದೆ. ಆದರೂ ಏನು ಹೇಳಬೇಕೆಂದಿದ್ದೀಯ ಎಂದು ಕೇಳಲಿಲ್ಲ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಮರುದಿನ ಅವಳ ಅಜ್ಜಿ, ತಾಯಿಯ ತಾಯಿ ದುರುಗಮ್ಮ ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನಾಟಿ ಗದ್ದೆಯಿಂದ ನೇರವಾಗಿ ಬಂದಿದ್ದಳು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

“ಹುಡುಗೀನ ಪರೀಕ್ಷಾದಿಂದ ತಗೀತೀರೇನ್ರಿ ಟೀಚರ್?” ಎಂದು ಬಾಗಿಲಲ್ಲೇ ಕೇಳಿದಳು. ದನಿಯಲ್ಲಿ ಹೆದರಿಕೆ ಇತ್ತು.

“ತಗಿಯಂಗಿಲ್ಲ. ಆದ್ರ ನಿಮ್ಮ ಮೊಮ್ಮಗಳಿಗೆ ಅಳಿಯ ಯಾರು, ತಮ್ಮ ಯಾರು ಅಂಬೋದs ತಿಳಿವಲ್ದು” ಎಂದು ನಾನು ನೋಟ್‌ಬುಕ್ ಬಿಚ್ಚಿ ಆ ಪ್ರಶ್ನೆ ಓದಿದೆ. “ಹುಡುಗಿ ಅಪ್ಪ ಅಂದ್ರ ನಿಮಗ ಏನಾಗಬೇಕು, ನೀವs ಹೇಳ್ರಿ.”

“ತಮ್ಮ ಆಗಬೇಕ್ರಿ” ಎಂದಳು ದುರುಗಮ್ಮ.

ನಾನು ಪೆನ್ನು ಕೆಳಗಿಟ್ಟೆ.

“ಮೌನೇಶ ನನ್ನ ಕಡೀ ತಮ್ಮ ಅಲ್ಲೇನ್ರಿ” ಎಂದು ಆಕೆ ಬಿಡಿಸಿ ಹೇಳತೊಡಗಿದಳು. “ನಮ್ಮವ್ವ ತೀರಿಕೊಂಡಾಗ ಇನ್ನೂ ತೊದಲತಿದ್ದ. ನಾನs ಎತ್ತಿ ಆಡಿಸಿ ಬೆಳಸೀನಿ. ಮುಂದ ನನ್ನ ಮಗಳನ್ನ ಅವಗs ಕೊಟ್ಟೆ. ಅಳಿಯ ಅಂತ ಒಂದಿನಾನೂ ಕರದಿಲ್ರಿ ಅವನ್ನ. ತಮ್ಮಾ ಅಂತೀನಿ, ಅಂವ ಅಕ್ಕಾ ಅಂತಾನ.”

ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ, ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಒಂದೊಂದೇ ಉತ್ತರವನ್ನು ಆ ಮನೆಯಲ್ಲಿಟ್ಟು ನೋಡಿದೆ. ಹುಲಿಗೆಮ್ಮನ ಅಪ್ಪನ ಅಕ್ಕ ಯಾರು? ದುರುಗಮ್ಮ. ಹುಲಿಗೆಮ್ಮನಿಗೆ ಅವಳು ಅಜ್ಜಿ. ಅವಳ ತಾಯಿಯ ಸೋದರಮಾವ ಯಾರು? ಮೌನೇಶ. ಅವನು ಅವಳ ತಂದೆ. ಹನ್ನೊಂದಕ್ಕೆ ಹನ್ನೊಂದೂ ಸರಿ. ಹುಡುಗಿ ತಲೆ ಓಡಿಸಿದ್ದಳು. ಓಡಿಸದೆ ಕೂತವಳು ನಾನು. ಹನ್ನೊಂದು ತಪ್ಪುಗಳೂ ಒಂದೇ ಸಾಲಿನವು. ಅಂಥ ಸಾಲನ್ನು ಹಿಡಿಯುವುದೇ ರೀಸನಿಂಗ್ ಎಂದು ದಿನಾ ಬೋರ್ಡಿನ ಮುಂದೆ ನಿಂತು ಕೂಗುತ್ತಿದ್ದವಳೂ ನಾನೇ!

ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ನನ್ನ ಗಂಡ ನನ್ನ ಸೋದರತ್ತೆಯ ಮಗ. ಮದುವೆಗೆ ಮೊದಲು ಅತ್ತಿ ಎನ್ನುತ್ತಿದ್ದವರನ್ನೇ ಮದುವೆಯಾದ ಮೇಲೂ ಅತ್ತಿ ಎಂದೆ, ಹೊಸ ಪದವೇ ಬೇಕಾಗಲಿಲ್ಲ. ಇಂಥ ಮನೆಯಲ್ಲೇ ಬದುಕಿದವಳಿಗೆ ಶಾಲೆಯ ಮೆಟ್ಟಿಲು ಹತ್ತಿದ ಕೂಡಲೇ ಪ್ರಶ್ನೆಪತ್ರಿಕೆಯ ಮನೆಯೊಂದೇ ಮನೆ ಅನ್ನಿಸಿಬಿಟ್ಟಿತ್ತು.

“ಮೊದಲs ಯಾಕ ಹೇಳಲಿಲ್ಲ ನೀ?” ಎಂದು ಹುಲಿಗೆಮ್ಮನನ್ನು ಕೇಳಿದೆ.

“ನೀವು ಕೇಳಲೇ ಇಲ್ಲಲ್ರಿ ಟೀಚರ್” ಎಂದಳು.

ಕಾರಣ ತಿಳಿದರೂ ಕಷ್ಟ ಕಳೆಯಲಿಲ್ಲ. ಪರೀಕ್ಷೆಯಲ್ಲಿ ಗುರುತು ನೋಡುವುದು ಯಂತ್ರ. ಅದಕ್ಕೆ ದುರುಗಮ್ಮ ಬಂದು ತಮ್ಮನ ಕಥೆ ಹೇಳಲು ಆಗುವುದಿಲ್ಲ. ‘ಅಳಿಯ’ ಎಂದೇ ಬರೆ ಎಂದರೆ ಹುಲಿಗೆಮ್ಮ ಒಪ್ಪಲಿಲ್ಲ. “ಸುಳ್ಳು ಬರೀಲೇನ್ರಿ?” ಎಂದು ಕೇಳಿದಳು. ಹೆದರಿ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಎರಡು ವಾರ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಮೊದಲು ಒಂದೇ ಉತ್ತರ ಹಾಕುತ್ತಿದ್ದವಳು ಈಗ ಎರಡರ ನಡುವೆ ಸಿಕ್ಕಿಕೊಂಡು ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದಳು. ಹೊತ್ತು ಅಲ್ಲೇ ಕಳೆದು ಮುಂದಿನ ಪ್ರಶ್ನೆಗಳೂ ಕೈಬಿಟ್ಟುಹೋದವು. ಫೆಬ್ರವರಿಯ ಮೊದಲ ವಾರ ಬಂದದ್ದು ಮೂವತ್ತೇ. ನನಗೆ ನಿಜಕ್ಕೂ ಭಯವಾಯಿತು. ಗೊತ್ತಿಲ್ಲದಾಗಲೇ ಚೆನ್ನಾಗಿತ್ತೇನೋ ಅನ್ನಿಸಿತು.

ದಾರಿ ತೋರಿಸಿದವಳು ಮಿತಾಲಿ. ಬೇವಿನ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಹೇಳಿದಳು: “ನನಗೂ ಹಿಂಗs ಆಗಿತ್ರಿ ಟೀಚರ್, ಉಲ್ಟಾ. ನಮ್ಮ ಬಂಗಾಲಿಯೊಳಗ ಅಪ್ಪನ ಅಕ್ಕಗ ಒಂದು ಹೆಸರು, ಮಾಮಾನ ಹೆಂಡ್ತಿಗೆ ಒಂದು, ಗಂಡನ ತಾಯಿಗೆ ಇನ್ನೊಂದು. ಕನ್ನಡ ಶಾಲಿಗೆ ಬಂದ್ರ ಎಲ್ಲಾರೂ ಅತ್ತಿನೇ! ಪಾಠದಾಗ ‘ಅತ್ತೆ ಬಂದಳು’ ಅಂತಿದ್ರ, ಯಾವಾಕಿ ಬಂದಳು ಅಂತ ತಿಳೀತಿದ್ದಿಲ್ಲ.”

“ಮತ್ತ ಏನ್ ಮಾಡಿದಿ?”

“ಪುಸ್ತಕದಾಗ ಒಂದು ಮನಿ ಅದ, ಅದು ನಮ್ಮ ಮನಿ ಅಲ್ಲ ಅಂತ ತಿಳಕೊಂಡೆ. ಅಲ್ಲಿಗೆ ಹೋದಾಗ ಅಲ್ಲಿಯವರ ಮಾತು, ಮನಿಗೆ ಬಂದಾಗ ನಮ್ಮ ಮಾತು. ಅಷ್ಟs ರೀ.”

ಮರುದಿನ ಹುಲಿಗೆಮ್ಮನನ್ನು ಕೂರಿಸಿಕೊಂಡು ಮಿತಾಲಿಯೇ ಬಿಳಿ ಹಾಳೆಯ ಮೇಲೆ ಒಂದು ಮನೆಯ ಚಿತ್ರ ಬರೆದಳು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಗಂಡ ಹೆಂಡತಿಯ ನಡುವೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ. “ಇದು ಕಾಗದದ ಮನಿ” ಎಂದಳು. “ಇಲ್ಲಿ ಪ್ರಶ್ನಿ ಹೇಳಿದಷ್ಟs ಮಂದಿ ಇರತಾರ. ಹೇಳಲಾರದ ಲಗ್ನ ಇಲ್ಲಿ ಆಗಿಲ್ಲ. ನೀ ಈ ಮನಿಗೆ ಬರಬೇಕಾದ್ರ ನಿಮ್ಮಜ್ಜಿ, ನಿಮ್ಮಪ್ಪ, ಎಲ್ಲಾರನ್ನೂ ಚಪ್ಪಲಿ ಬಿಟ್ಟಂಗ ಹೊರಗ ಬಿಟ್ಟು ಬಾ.”

ಹುಲಿಗೆಮ್ಮ ಹಾಳೆಯ ಗೆರೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: “ಬರೂವಾಗ ಮತ್ತ ಹಾಕ್ಕೊಂಡು ಬರಬಹುದಲ್ರಿ?”

“ಹಾಕ್ಕೋಬೇಕು, ಮತ್ತ! ಬರಿಗಾಲಿಲೇ ಮನಿಗೆ ಹೋಗ್ತೀ?” ಎಂದೆ ನಾನು. ಮೂವರೂ ನಕ್ಕೆವು. ಜನವರಿಯಿಂದ ಆ ಹುಡುಗಿ ನನ್ನ ಎದುರು ನಕ್ಕದ್ದು ಅದೇ ಮೊದಲು.

ಮಾರ್ಚಿನ ಒಂದು ಭಾನುವಾರ ಲಿಂಗಸುಗೂರಿನಲ್ಲಿ ಪರೀಕ್ಷೆ. ಏಳು ಮಕ್ಕಳನ್ನೂ ಮಸ್ಕಿಯಿಂದ ಬಸ್ಸಿನಲ್ಲಿ ಕರೆದೊಯ್ದೆವು. ಹುಲಿಗೆಮ್ಮನ ಜೊತೆ ದುರುಗಮ್ಮ ಬಂದಿದ್ದಳು. ಮೊಮ್ಮಗಳು ಗೇಟಿನ ಒಳಗೆ ಹೋಗುವಾಗ ಆಕೆ ದೊಡ್ಡ ದನಿಯಲ್ಲಿ, “ನಮ್ಮನ್ನೆಲ್ಲಾ ಹೊರಗs ಬಿಟ್ಟು ಹೋಗಬೇ!” ಎಂದು ಕೂಗಿದಳು. ಸುತ್ತ ನಿಂತ ತಂದೆತಾಯಿಗಳು ಇದೇನು ಹರಕೆ ಎಂಬಂತೆ ಅವಳನ್ನು ನೋಡಿದರು.

ಹೊರಗೆ ಬಂದ ಮೇಲೆ ಎಲ್ಲರಿಗೂ ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ಕೊಡಿಸಿದೆ. ತಿನ್ನುತ್ತಲೇ ಹುಲಿಗೆಮ್ಮ ಹೇಳಿದಳು: “ನಮ್ಮಪ್ಪಂದು ಪ್ರಶ್ನಿ ಬಂದಿತ್ರಿ ಟೀಚರ್.”

“ಏನ್ ಹಾಕಿದಿ?”

“ಅಳಿಯ.” ಅಜ್ಜಿಯ ಕಡೆ ನೋಡಿದಳು. “ಕಾಗದದ ಮನಿಯಾಗ ಅಷ್ಟs.”

ಮೊದಲ ಪಟ್ಟಿಯಲ್ಲಿ ನಮ್ಮ ಶಾಲೆಯ ಇಬ್ಬರು ಹುಡುಗರ ಹೆಸರಿತ್ತು, ಅವಳದಿರಲಿಲ್ಲ. ಎರಡನೆಯ ಪಟ್ಟಿ ಬರುವವರೆಗಿನ ಹದಿನೆಂಟು ದಿನ ನಾನು ಸರಿಯಾಗಿ ಊಟ ಮಾಡಿಲ್ಲ ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ. ಜನವರಿಯವರೆಗೆ ನಾನು ಹಾಳುಮಾಡಿದ ದಿನಗಳನ್ನೇ ಲೆಕ್ಕ ಹಾಕುತ್ತಿದ್ದೆ. ಎರಡನೆಯ ಪಟ್ಟಿಯಲ್ಲಿ, ಕೊನೆಯಿಂದ ಮೂರನೆಯ ಹೆಸರು ಹುಲಿಗೆಮ್ಮ ತಂದೆ ಮೌನೇಶ. ಮಸ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಅದನ್ನು ಓದಿದ ನಾನು ಅಂಗಡಿಯವನ ಎದುರೇ ಅತ್ತುಬಿಟ್ಟೆ.

ಜೂನ್‌ನಲ್ಲಿ ಅವಳು ವಸತಿ ಶಾಲೆಗೆ ಹೊರಟ ದಿನ ಮಸ್ಕಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಹೊಸ ಟ್ರಂಕಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಅತ್ತಿತ್ತ ದುರುಗಮ್ಮ, ಮೌನೇಶ. ನನ್ನನ್ನು ನೋಡಿದ ಕೂಡಲೇ ಎದ್ದು ಟ್ರಂಕ್ ತೆರೆದು, ಬಟ್ಟೆಗಳ ಕೆಳಗಿನಿಂದ ಆ ಅಭ್ಯಾಸದ ನೋಟ್‌ಬುಕ್ ತೆಗೆದಳು.

“ಇದನ್ಯಾಕ ಹೊತ್ಕೊಂಡು ಹೊಂಟೀಬೇ?” ಎಂದೆ.

“ಅಲ್ಲಿ ಟೀಚರಿಗೆ ತೋರಸಾಕ್ರಿ. ಆದ್ರ ಇದರಾಗ ಹನ್ನೊಂದು ತಪ್ಪು ಅದಾವ.” ತಲೆ ತಗ್ಗಿಸಿದಳು. “ಅವು ತಪ್ಪಲ್ಲ ಅಲ್ರಿ?”

ಆರು ತಿಂಗಳಿಂದ ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು. ಕಾಗದದ ಮನೆಯ ಪಾಠ ಹೇಳಿದ ಮೇಲೂ ಹಳೆಯ ಗುರುತುಗಳನ್ನು ತಿದ್ದಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅದೇ ಟ್ರಂಕಿನ ಮೇಲೆ ಕೂತು ಕೈಚೀಲದಿಂದ ಕೆಂಪು ಪೆನ್ನು ತೆಗೆದೆ. ಒಂದೊಂದೇ ಪುಟ ತಿರುವಿ, ಪ್ರತಿ ಅಡ್ಡಗೆರೆಯನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ಸರಿ’ ಎಂದು ಬರೆದು ಸಹಿ ಮಾಡಿದೆ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ಬೆರಳು ಮಡಚುತ್ತ ಎಣಿಸಿದಳು. ಹನ್ನೊಂದು ಆದ ಮೇಲೆ ನೋಟ್‌ಬುಕ್ ಇಸಿದುಕೊಂಡು ಬಟ್ಟೆಗಳ ಮೇಲೆಯೇ ಇಟ್ಟು ಟ್ರಂಕ್ ಮುಚ್ಚಿದಳು.

ಈಗ ನಿವೃತ್ತಳಾಗಿ ಸಿಂಧನೂರಿನಲ್ಲಿದ್ದೇನೆ. ಸಂಜೆ ಓಣಿಯ ನಾಲ್ಕಾರು ಮಕ್ಕಳು ಇದೇ ಲೆಕ್ಕಗಳನ್ನು ಹಿಡಿದು ಮನೆಗೆ ಬರುತ್ತಾರೆ. ಕೆಂಪು ಪೆನ್ನು ಇನ್ನೂ ನನ್ನ ಬಳಿ ಇದೆ. ಆದರೆ ಅದರ ಮುಚ್ಚಳ ತೆಗೆಯುವ ಮೊದಲು, “ಇದು ನಿನಗ ಹೆಂಗ ಬಂತು, ಹೇಳು” ಎಂದು ಕೇಳುತ್ತೇನೆ. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟನ್ನು ಕಲಿಯಲು ನನಗೆ ಮೂವತ್ತಮೂರು ವರ್ಷ ಹಿಡಿಯಿತು.