ಪರದೆಯ ಹಿಂದಿನ ಕೈಮಾತು

ದೊಡ್ಡವ್ವ ಮಾತಿಗೆ ನಿಂತರೆ ಹಿಟ್ಟು ಹಾರುತ್ತಿತ್ತು. ಟಿಕೋಟಾದ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯುವ ಕೈ ಅದು. ಹುಟ್ಟಿನಿಂದ ಕಿವಿ ಕೇಳದವಳಾದ್ದರಿಂದ ಮಾತಾಡುವ ಕೈಯೂ ಅದೇ. ನನ್ನ ಮೇಲೆ ಸಿಟ್ಟು ಬಂದರೆ ಒಲೆಯ ಸುತ್ತ ನೆಲವೆಲ್ಲ ಬೆಳ್ಳಗಾಗುತ್ತಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಮಗನಂತೆ ಸಾಕಿದವಳು ಅವ್ವನ ಈ ಅಕ್ಕ. ಕಿವಿ ಕೇಳುವವರಲ್ಲಿ ಅವಳ ಕೈಮಾತು ಪೂರ್ತಿ ತಿಳಿಯುತ್ತಿದ್ದದ್ದು ನನಗೊಬ್ಬನಿಗೇ.

ಡಾಕ್ಟರು ಏನು ಹೇಳಿದರೂ ತಿಳಿಯಿತೆಂಬಂತೆ ಗೋಣು ಆಡಿಸುವಳು. ಹೊರಗೆ ಬಂದೊಡನೆ ನನ್ನ ಭುಜ ಹಿಡಿದು ಅಲುಗಿಸುವಳು: ‘ಏನಂದ?’ ಕನಮಡಿ, ಕಳ್ಳಕವಟಗಿಯಿಂದ ಸಂತೆಗೆ ಬರುವ, ಅವಳಂತೆಯೇ ಕಿವಿ ಕೇಳದ ಗೆಳತಿಯರದೂ ಇದೇ ಪಾಡು.

ಹೆಂಗಸರ ಬೇನೆಗಳನ್ನು ತಮಗೂ ಯಾರಾದರೂ ಬಿಡಿಸಿ ಹೇಳಬೇಕೆಂದು ಅವಳು ಹಟ ಹಿಡಿದಳು. ದವಾಖಾನೆಯ ನರ್ಸಬಾಯಿ ಒಪ್ಪಿದರು. ನಮ್ಮ ಪಡಸಾಲೆಯಲ್ಲೇ ಸಭೆ. ಹೇಳುವವರು ಅವರು, ಕೈಮಾತು ನನ್ನದು. ಮುಟ್ಟು, ಬಿಳುಪು ಹೋಗುವುದು, ಎದೆಯ ಗಂಟು, ಎಲ್ಲವನ್ನೂ ತಾಯಿಯ ವಯಸ್ಸಿನವರ ಮುಂದೆ ಮೀಸೆ ಹೊತ್ತ ನಾನು ಮಾಡಿ ತೋರಿಸಬೇಕು! ನಾಚಿಕೆಯಿಂದ ಸತ್ತೇಹೋದೆ.

“ನಡುವ ಒಂದು ಸೀರಿ ಕಟ್ಟೂಣ್ರಿ. ನಾ ಆಚಿ ಕಡೆ ಕೂಡ್ತೀನಿ,” ಅಂದೆ.

“ಹೌದ್ರಿ, ಅವ್ರಿಗೂ ಸಂಕೋಚ ಆಗೂದಿಲ್ಲ,” ಎಂದರು ನರ್ಸಬಾಯಿ.

ಕಟ್ಟಿದೆವು. ಅವರು ಹೇಳುತ್ತ ಹೋದರು. ನಾನು ಸೀರೆಯ ಹಿಂದೆ ಬೆವರುತ್ತ ಎರಡೂ ಕೈ ಆಡಿಸುತ್ತ ಹೋದೆ. ಆಚೆ ಕೂತ ಹೆಂಗಸರು ಸೀರೆಯ ಅಂಚನ್ನೇ ನೋಡುತ್ತಿದ್ದರು. ಬಾಯಿಂದ ಹೇಳುವವನಾಗಿದ್ದರೆ ಪರದೆ ನಡೆಯುತ್ತಿತ್ತು. ಕೈಮಾತು ಕಾಣದಿದ್ದರೆ ಏನು ತಿಳಿದೀತು? ಓದಿದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ದೊಡ್ಡವ್ವ ಎದ್ದು ಬಂದು ಸೀರೆ ಕಿತ್ತೆಸೆದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ಗದ್ದ ಹಿಡಿದು ಮೇಲೆತ್ತಿದಳು: ‘ಮಾರೀನೂ ಕಾಣಬೇಕು.’ ಅವಳು ಎತ್ತಿದಂತೆಲ್ಲ ನನ್ನ ತಲೆ ಮತ್ತೆ ಕೆಳಗಿಳಿಯುತ್ತಿತ್ತು. ಹಾಗೂ ಹೀಗೂ ಸಭೆ ಮುಗಿಸಿದೆ.

ಹಾಗೆ ತೋರಿಸಿದ್ದೂ ಒಬ್ಬಳಿಗೆ ಉಪಯೋಗವಾಯಿತು. ಕಳ್ಳಕವಟಗಿಯ ಗೆಳತಿ ತನ್ನ ಎದೆಯಲ್ಲಿದ್ದ ಗಂಟನ್ನು ಆ ವಾರವೇ ಗುರುತಿಸಿದಳು. ವಿಜಯಪುರಕ್ಕೆ ಕರೆದೊಯ್ದೆವು. ಅವಳ ಪ್ರಶ್ನೆಗಳನ್ನೆಲ್ಲ ದೊಡ್ಡವ್ವ ನನ್ನಿಂದ ಡಾಕ್ಟರಿಗೆ ಕೇಳಿಸಿದಳು. ನಾನು ಮೇಜಿನ ಕಾಲು ನೋಡುತ್ತ ಕೇಳಿದೆ. ಬೇಗ ಹೋದದ್ದರಿಂದ ಅವಳು ಉಳಿದಳು.

ಕಳೆದ ಬೇಸಿಗೆಯಲ್ಲಿ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಳು. ತೋಳು ನೋಯುತ್ತದೆ ಎಂದಳು. ನಾನು ಎಣ್ಣೆ ತಂದುಕೊಟ್ಟೆ. ಕಡೆಗೆ ಅದೇ ಡಾಕ್ಟರ ಹತ್ತಿರ ಹೋದಾಗ ಅವರು ನನ್ನನ್ನೇ ಬೈದರು: “ಇಷ್ಟು ದಿನಾ ಏನ್ ಮಾಡಾಕತ್ತಿದ್ರಿ? ಎದಿಯಾಗಿನ ಗಂಟು ಕೈ ಮೀರೈತಿ.” ದೀಪಾವಳಿಗೆ ಅವಳು ಇರಲಿಲ್ಲ.

ಗಂಟಿನ ಗುರುತು ಊರಿಗೆಲ್ಲ ಹೇಳಿಸಿದವಳಿಗೆ ತನ್ನದು ಗೊತ್ತಾಗಲಿಲ್ಲವೇ? ದೊಡ್ಡವ್ವನ ದಿವಸಕ್ಕೆ ಬಂದಿದ್ದ ಕಳ್ಳಕವಟಗಿಯ ಗೆಳತಿಯನ್ನು ಕೇಳಿದೆ. ಗೊತ್ತಿತ್ತು ಎಂದು ಗೋಣು ಆಡಿಸಿದಳು. ‘ಮಗನಿಗೆ ಹೇಳು ಅಂತ ನಾನೂ ಬಡಕೊಂಡೆ’ ಎಂದಳು.

‘ಅದಕ್ಕ ಏನಂದ್ಲು?’

ಗೆಳತಿ ದೊಡ್ಡವ್ವನ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಮಾಡಿ ತೋರಿಸಿದಳು. ಮೊದಲು ನನ್ನತ್ತ ಬೆರಳು, ಆಮೇಲೆ ಮೀಸೆ. ಆಮೇಲೆ ತಲೆ ತಗ್ಗಿಸಿ, ಕಣ್ಣು ನೆಲಕ್ಕೆ ನೆಟ್ಟು, ಹಣೆಯ ಬೆವರು ಒರೆಸಿಕೊಂಡಳು. ಅದು ನಾನೇ, ಸಭೆಯಲ್ಲಿ ಕೂತ ನಾನು. ಕೊನೆಗೆ ಕೈ ಅಡ್ಡ ಆಡಿಸಿದಳು: ‘ಬ್ಯಾಡ. ಪಾಪ, ನಾಚ್ತಾನ.’