ತನುಜಾ ಮತ್ತು ಸಿಪ್ಪೆಗುಡ್ಡೆ

ಢಣ್, ಢಣ್, ಢಣ್ ಎಂದು ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಗುತ್ತ ಹೋಗುವ ಸದ್ದಿಗೆ ತನುಜಾಳಿಗೆ ದಿನವೂ ಎಚ್ಚರವಾಗುತ್ತಿತ್ತು. ಸಕಲೇಶಪುರದ ಸ್ಟೇಷನ್ನಿನ ಹಿಂದೆ, ಈ ಕಾಫಿ ಹಂಗಾಮಿಗೆಂದು ಹಿಡಿದ ಬಾಡಿಗೆ ಕೋಣೆ ಅವಳದು. ಅಂದು ಮಾತ್ರ ಆ ಸದ್ದು ಕೇಳುವಾಗ ಅವಳು ಆಗಲೇ ತಲೆ ಬಾಚಿ, ಹೆಗ್ಗದ್ದೆಯ ಬಸ್ಸಿಗೆ ಹೊರಟು ನಿಂತಿದ್ದಳು.

ಮಗ್ಗೆಯ ರುದ್ರಯ್ಯನ ಮಗಳು ಅವಳು. ಆಲೂರಿನಲ್ಲಿ ಕಾಲೇಜು, ಹಾಸನದಲ್ಲಿ ಎಂ.ಎಸ್ಸಿ., ಈಗ ಹಾಸನದಲ್ಲೇ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ. ಕಾಫಿ ಹಣ್ಣಿನ ಸಿಪ್ಪೆಯನ್ನು ಬೇಗ ಕರಗಿಸಿ ಗೊಬ್ಬರವಾಗಿಸುವ ಕಿಣ್ವವೊಂದನ್ನು ರೂಪಿಸುವುದು ಅವಳ ಪಾಲಿಗೆ ಬಂದಿತ್ತು. ಪಲ್ಪರ್ ಯಂತ್ರ ಹಣ್ಣು ಸುಲಿದು ಎಸೆದ ಸಿಪ್ಪೆಯ ಗುಡ್ಡೆ ಒಳಗೊಳಗೇ ಹುಳಿಯುತ್ತದೆ, ಕೈಯಿಡಲಾಗದಷ್ಟು ಕಾಯುತ್ತದೆ. ಸಾಮಾನ್ಯ ಕಿಣ್ವ ಆ ಹುಳಿಗೂ ಬಿಸಿಗೂ ಬಿಚ್ಚಿಹೋಗುತ್ತದೆ. ಕಿಣ್ವವೆಂದರೆ ಮಡಿಚಿಟ್ಟ ಮಣಿಸರದ ಹಾಗೆ, ಕೆಲವು ಮಣಿ ಬದಲಿಸಿದರೆ ಮಡಿಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅವಳು ಅವ್ವ ತಾಯಮ್ಮನಿಗೆ ವಿವರಿಸಿದ್ದಳು. ಮಗಳು ಹಾಸನದಲ್ಲಿ ಮಣಿ ಪೋಣಿಸುತ್ತಾಳೆಂದು ತಾಯಮ್ಮ ಊರಿಗೆಲ್ಲ ಹೇಳಿ, ಪಕ್ಕದ ಮನೆಯವರು ತಮಗೂ ಒಂದು ಸರ ಬೇಕೆಂದು ಕೇಳಿಯೂ ಆಗಿತ್ತು.

ಮಣಿ ಬದಲಿಸಿ ನೋಡುವುದರಲ್ಲೇ ವರ್ಷಗಳು ಕಳೆದವು. ಬಿಸಿ ತಡೆದದ್ದು ಹುಳಿಗೆ ಸೋಲುತ್ತಿತ್ತು. ಕೊನೆಗೊಂದು ಎರಡನ್ನೂ ತಡೆದು ನಿಂತ ದಿನ ಅವಳು ಯಾರಿಗೂ ಹೇಳದೆ ಕ್ಯಾಂಟೀನಿಗೆ ಹೋಗಿ ಇನ್ನೊಂದು ಪ್ಲೇಟು ಇಡ್ಲಿ ತಿಂದಿದ್ದಳು. ಆದರೆ ಈ ಹಂಗಾಮಿನಲ್ಲಿ ತೋಟದ ಬಯಲಲ್ಲೂ ಗೆಲ್ಲದಿದ್ದರೆ ಇದನ್ನು ಕೈಬಿಡೋಣ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಹೆಗ್ಗದ್ದೆಯ ಬೆಳೆಗಾರ ಸುಬ್ಬಯ್ಯ ತಮ್ಮ ಪಲ್ಪರ್ ಹಿಂದಿನ ಗುಡ್ಡೆಯನ್ನು ಪರೀಕ್ಷೆಗೆ ಬಿಟ್ಟುಕೊಟ್ಟರು. ಅದಕ್ಕೆ ಕಿಣ್ವ ಸುರಿದು ಹೋಗಿದ್ದವಳು ಇವತ್ತು ಫಲ ನೋಡಲು ಬಂದಿದ್ದಳು.

ಗುಡ್ಡೆ ಹಾಗೇ ಇತ್ತು. ಕೆದಕಿದರೆ ಸಿಪ್ಪೆ ತೊಗಲಿನಂತೆ ಇಡಿಯಾಗಿ ಕೈಗೆ ಬಂತು. ಅವಳು ಇನ್ನೊಂದು ಕಡೆ ಕೆದಕಿದಳು, ಅಲ್ಲೂ ಅದೇ.

“ನಿನ್ ಸರಕು ನಮ್ ಸಿಪ್ಪೆ ಕಂಡು ಹೆದರ್ಕೊಂಬುಡ್ತೋ ಏನೋ ಕಣವ್ವ” ಎಂದು ಕಟ್ಟೆಯ ಮೇಲಿಂದ ಸುಬ್ಬಯ್ಯ ನಕ್ಕರು. ನಕ್ಕರೂ ಅವರಿಗೂ ಆಸೆಯಿತ್ತು. ಪ್ರತಿ ಮಳೆಗಾಲ ಆ ಗುಡ್ಡೆಯ ಕಪ್ಪು ನೀರು ಹಳ್ಳಕ್ಕಿಳಿದು, ಕೆಳಗಿನ ಗದ್ದೆಯವರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು.

ತನುಜಾ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದಳು. ಹುಳಿ ವಾಸನೆಯೇ ಇಲ್ಲ. ಬೆರಳ ತುದಿಯಲ್ಲಿ ಬಿಳಿ ಪುಡಿ.

“ಸುಣ್ಣ ಹಾಕಿದ್ರಾ ಅಮ್ಮ?”

ಸುಬ್ಬಯ್ಯನ ಹೆಂಡತಿ ಕಮಲಮ್ಮ ಸೆರಗಿಗೆ ಕೈಯೊರೆಸುತ್ತ ಹತ್ತಿರ ಬಂದರು. ನೊಣ, ನಾತ ಹೋಗಲೆಂದು ಗುಡ್ಡೆಗೆ ಒಂದಿಷ್ಟು ಸುಣ್ಣ ಎರಚುವುದು ಆ ಮನೆಯ ಹಳೆಯ ರೂಢಿ.

“ಹೂಂ ಕಣ್ಮಗ. ಈ ಸಲ ಜಾಸ್ತೀನೇ ಹಾಕಿವ್ನಿ. ನೀನು ಅಷ್ಟು ಕಷ್ಟಪಟ್ಟು ಮಾಡಿರೋದು, ಪಾಪ, ಹುಳೀಲಿ ಬಿದ್ದು ಸತ್ತೋಗ್ಬಾರ್ದು ಅಂತ.”

ಹುಳಿಯಲ್ಲೇ ಕೆಲಸ ಮಾಡಲೆಂದು ಕಟ್ಟಿದ ಕಿಣ್ವ, ಹುಳಿಯನ್ನೆಲ್ಲ ಹೀರಿದ ಸುಣ್ಣದ ನಡುವೆ ಕೆಲಸವಿಲ್ಲದೆ ಕೂತುಬಿಟ್ಟಿತ್ತು. ತನುಜಾಳಿಗೆ ಹೋದ ಜೀವ ಬಂದಂತಾಯಿತು, ಅದರ ಬೆನ್ನಿಗೇ ಅಳುವೂ ಬಂತು. ಚೀಲದಲ್ಲಿ ಇನ್ನೊಂದು ಕ್ಯಾನ್ ಕಿಣ್ವವಿದೆ. ಆದರೆ ಸುಣ್ಣ ತಾಗದ ಸಿಪ್ಪೆ ಎಲ್ಲಿದೆ? ಕೇಳಿದಳು.

“ಕೊನೇ ಹಣ್ಣು ಇವತ್ತೇ ಕಣವ್ವ, ಆಗ್ಲೇ ಪಲ್ಪರ್‌ಗೆ ಸುರೀತಾವ್ರೆ” ಎಂದರು ಸುಬ್ಬಯ್ಯ.

ಕಮಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಅವಳ ಮುಖವನ್ನೇ ನೋಡುತ್ತಿದ್ದರು. ಆ ನೋಟವನ್ನು ಹಾಗೇ ಬಿಟ್ಟುಹೋಗುವುದು ತನುಜಾಳಿಂದ ಆಗಲಿಲ್ಲ.

“ನೀವು ಅದನ್ನ ಕಾಪಾಡೋಕೆ ಹೋದ್ರಿ ಅಮ್ಮ, ಅದರಲ್ಲಿ ತಪ್ಪೇನೈತೆ. ನಾನೇ ಮೊದಲು ಹೇಳ್ಬೇಕಿತ್ತು. ಅದು ಹೇಗೆ ಅಂದ್ರೆ, ಹುಳಿ ಇದ್ರೇನೇ ಅದಕ್ಕೆ...”

ಮೊದಲ ಕೆಂಪು ಸಿಪ್ಪೆ ಸುಣ್ಣದ ಹಳೆಯ ಗುಡ್ಡೆಯತ್ತ ಜಾರತೊಡಗಿತ್ತು. ಅವಳು ಗೋಡೆಗೊರಗಿಸಿದ್ದ ಮಂಕರಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಪಲ್ಪರ್ ಕಡೆಗೆ ನಡೆದುಬಿಟ್ಟಳು.